ಹಳೇ ರೇಡಿಯೊ ರಿಪೇರಿ ಪುಸ್ತಕದೊಳಗೆ ಚಿತ್ರ ಬರೀತಿದೀನಿ, ಪುಟ ಎಲ್ಲಾ ಸುಕ್ಕಾಗಿ ಅಂಟ್ಕೊಳ್ತಿದೆ, ಏನ್ಮಾಡ್ಲಿ?

ಗೀಚುಮರಿ:

ಎಲ್ರಿಗೂ ನಮಸ್ಕಾರ. ಅಟ್ಟ ಖಾಲಿ ಮಾಡೋವಾಗ ಒಂದು ಹಳೇ ಕನ್ನಡ ಪುಸ್ತಕ ಸಿಕ್ತು, ರೇಡಿಯೊ ರಿಪೇರಿ ಮಾಡೋದು ಹೇಗೆ ಅಂತ, ವಾಲ್ವ್ ರೇಡಿಯೊ (ಟ್ರಾನ್ಸಿಸ್ಟರ್ ಬರೋ ಮುಂಚೆ ಒಳಗೆ ಗಾಜಿನ ಬುರುಡೆ ಇರ್ತಿದ್ವಲ್ಲ, ಅದು) ಕಾಲದ್ದು, ಗಟ್ಟಿ ರಟ್ಟು, ಸುಮಾರು 300 ಪುಟ. ಮೊದಲ ಹತ್ತು ಹನ್ನೆರಡು ಪುಟ ಹುಳ ತಿಂದು ಹೋಗಿದೆ, ಬರೆದೋರು ಯಾರು ಅಂತಾನೂ ಗೊತ್ತಿಲ್ಲ. ರದ್ದಿಗೆ ಹಾಕಕ್ಕೆ ಮನಸ್ಸಾಗ್ಲಿಲ್ಲ. ಯಾಕಂದ್ರೆ ಒಳಗಿರೋ ಸರ್ಕ್ಯೂಟ್ ಚಿತ್ರಗಳು ಎಷ್ಟು ತಮಾಷೆಯಾಗಿವೆ ಅಂದ್ರೆ, ಆ ಅಂಕುಡೊಂಕು ಗೆರೆ ಇರುತ್ತಲ್ಲ ರೆಸಿಸ್ಟರ್‌ಗೆ, ಅದು ನಂಗೆ ಮೊಸಳೆ ಹಲ್ಲು ಥರ ಕಾಣ್ಸುತ್ತೆ, ಕಾಯಿಲ್ ಅಂದ್ರೆ ಕಂಬಳಿಹುಳ. ಸರಿ, ಆಲ್ಟರ್ಡ್ ಬುಕ್ ಮಾಡೋಣ, ಅಂದ್ರೆ ಅಚ್ಚಾದ ಪುಟಗಳ ಮೇಲೇ ಚಿತ್ರ ಬರೆದು, ತುಂಡು ಅಂಟಿಸಿ ಪುಸ್ತಕಕ್ಕೆ ಬೇರೆ ರೂಪ ಕೊಡೋಣ ಅಂತ ಶುರು ಹಚ್ಕೊಂಡೆ.

ಆಮೇಲೆ ಶುರುವಾಯ್ತು ನೋಡಿ ಗೋಳು. ವಾಟರ್ ಕಲರ್ ಹಾಕಿದ ಪುಟ ಹಪ್ಪಳ ಆಯ್ತು, ಬಣ್ಣ ಹಿಂದಿನ ಪುಟಕ್ಕೂ ಇಳೀತು. ಅಕ್ರಿಲಿಕ್ ಹಾಕಿದ್ರೆ ಒಣಗಿದೆ ಅಂದ್ಕೊಂಡು ಪುಸ್ತಕ ಮುಚ್ಚಿದೆ, ಬೆಳಗ್ಗೆ ತೆಗೆದ್ರೆ ಎರಡು ಪುಟ ಅಂಟ್ಕೊಂಡು ಕೂತಿದೆ, ಎಳೆದ್ರೆ ಮೊಸಳೆ ಮೂತಿನೇ ಕಿತ್ಕೊಂಡು ಬಂತು. ಪೇಪರ್ ತುಂಡು ಅಂಟಿಸಿ ಅಂಟಿಸಿ ಪುಸ್ತಕ ಬಾಯಿ ಬಿಟ್ಕೊಂಡಿದೆ, ಮುಚ್ಚಕ್ಕೇ ಆಗ್ತಿಲ್ಲ. ಎಂಟು ಪುಟಕ್ಕೇ ಈ ಗತಿ, ಇನ್ನು 300?

ಇನ್ನೊಂದು, ಪುಸ್ತಕದಲ್ಲಿ ಗೀಚಿದ್ರೆ ಬೈಸ್ಕೊಂಡು ಬೆಳೆದವಳು ನಾನು, ಈಗ್ಲೂ ಬ್ರಷ್ ಇಡೋವಾಗ ಹಿಂದೆ ಯಾರೋ ನಿಂತಿದಾರೆ ಅನ್ಸುತ್ತೆ. ಅನುಭವ ಇರೋರು ಹೇಳಿ ಪ್ಲೀಸ್.

ರಟ್ಟುಬೆನ್ನು:

ಮೊದಲು ಬಣ್ಣ ಕೆಳಗಿಡಿ, ಪುಸ್ತಕದ ತಲೆ ಭಾಗ, ಅಂದ್ರೆ ಮೇಲಿನ ಅಂಚನ್ನ ಬೆನ್ನಿನ ಹತ್ರ ಬಗ್ಗಿ ನೋಡಿ. ಪುಟಗಳು ಸಣ್ಣ ಸಣ್ಣ ಕಟ್ಟಾಗಿ ಮಡಚಿ ಕೂತಿವೆಯಾ, ಇಲ್ಲ ಬಿಡಿ ಹಾಳೆಗಳನ್ನ ಸಾಲಾಗಿ ಅಂಟಿಸಿದಾರಾ? ಕಟ್ಟು ಇದ್ರೆ ಅದು ಫಾರಂ, ಸಾಮಾನ್ಯವಾಗಿ 16 ಪುಟದ್ದು ಅಂದ್ರೆ 8 ಹಾಳೆ, ನಡುವಿನ ಪುಟ ತೆಗೆದ್ರೆ ಹೊಲಿಗೆ ದಾರ ಕಾಣುತ್ತೆ. ನಿಮ್ಮದು ಹಳೇ ರಟ್ಟಿನ ಪುಸ್ತಕ ಅಂದ್ರೆ ಬಹುಶಃ ಹೊಲಿದಿದ್ದೇ. ಪುಣ್ಯ. ಬರೀ ಗೋಂದಿನ ಬೈಂಡಿಂಗ್ ಆಗಿದ್ರೆ ಅರ್ಧ ದಾರಿಲಿ ಹಾಳೆಗಳೆಲ್ಲ ಕೈಗೆ ಬಂದಿರೋವು.

ಪುಸ್ತಕ ಬಾಯಿ ಬಿಡೋದು ಯಾಕಂದ್ರೆ ನೀವು ಒಳಗೆ ದಪ್ಪ ಸೇರಿಸ್ತಿದೀರಿ, ಬೆನ್ನು ಮಾತ್ರ ಮೊದಲಿನಷ್ಟೇ ಅಗಲ ಇದೆ. ಅದಕ್ಕೆ ಜಾಗ ಮಾಡ್ಬೇಕು. 300 ಪುಟ ಅಂದ್ರೆ 150 ಹಾಳೆ. ಪ್ರತಿ ಮೂರು ಹಾಳೆಗೆ ಒಂದನ್ನ ಕತ್ತರಿಸಿ ತೆಗೀರಿ, 100 ಉಳೀತು, ಅದನ್ನ ಎರಡೆರಡು ಸೇರಿಸಿ ಅಂಟಿಸಿದ್ರೆ 50 ಗಟ್ಟಿ ಹಾಳೆ. ಒಬ್ಬ ಮನುಷ್ಯನಿಗೆ ಇದೇ ಎಷ್ಟೋ ದಿನದ ಕೆಲಸ, 300 ಪುಟದ ಆಸೆ ಬಿಡಿ. ಆದ್ರೆ ಬುಡದವರೆಗೂ ಹರೀಬೇಡಿ! ಹೊಲಿಗೆ ಪುಸ್ತಕದಲ್ಲಿ ಒಂದು ಹಾಳೆಗೆ ದಾರದ ಆ ಕಡೆ ಒಂದು ಜೋಡಿ ಹಾಳೆ ಇರುತ್ತೆ, ಎರಡೂ ಒಂದೇ ಕಾಗದ, ಮಧ್ಯೆ ಮಡಚಿರೋದು ಅಷ್ಟೇ. ಒಂದನ್ನ ಪೂರ್ತಿ ಕಿತ್ರೆ ಇನ್ನೊಂದು ನಾಲ್ಕು ದಿನಕ್ಕೆ ತಾನೇ ಉದುರುತ್ತೆ. ಬೆನ್ನಿನಿಂದ ಒಂದೂವರೆ ಎರಡು ಸೆಂಟಿಮೀಟರ್ ಪಟ್ಟಿ ಬಿಟ್ಟು ಸ್ಕೇಲ್ ಇಟ್ಟು ಕಟರ್‌ನಿಂದ ಕೊಯ್ಯಿರಿ, ಕೆಳಗಿನ ಹಾಳೆ ಕೊಯ್ಯದ ಹಾಗೆ ಒಂದು ದಪ್ಪ ರಟ್ಟು ತೂರಿಸಿಟ್ಕೊಳ್ಳಿ. ಆ ಉಳಿದ ಪಟ್ಟಿನೇ ಆಮೇಲೆ ನೀವು ಅಂಟಿಸೋ ತುಂಡುಗಳ ದಪ್ಪಕ್ಕೆ ಬೆನ್ನಲ್ಲಿ ಸರಿದೂಗುತ್ತೆ. ಕತ್ತರಿಸಿದ ಹಾಳೆ ಎಸೀಬೇಡಿ, ಕೊಲಾಜ್‌ಗೆ ಬೇಕಾಗುತ್ತೆ.

ಅಂಟಿಸೋದು. ಬಿಳಿ ಗೋಂದಿಗೆ ನೀರು ಬೆರೆಸಿ ಬ್ರಷ್‌ನಲ್ಲಿ ಬಳಿದ್ರೆ ಕಾಗದ ನೀರು ಕುಡಿದು ಹಿಗ್ಗುತ್ತೆ, ಒಣಗೋವಾಗ ಒಂದೇ ಸಮ ಕುಗ್ಗಲ್ಲ, ಅದೇ ನಿಮ್ಮ ಹಪ್ಪಳ. ಗ್ಲೂ ಸ್ಟಿಕ್ ಸಾಕು. ಇಲ್ಲ ಗೋಂದೇ ಬೇಕು ಅಂದ್ರೆ ನೀರು ಹಾಕದೆ ಸ್ವಲ್ಪೇ ಸ್ವಲ್ಪ ಹಾಕಿ ಹಳೇ ಪ್ಲಾಸ್ಟಿಕ್ ಕಾರ್ಡ್‌ನಿಂದ ನಡುವಿನಿಂದ ಅಂಚಿನ ಕಡೆ ಎಳೀರಿ, ಪುಟ ಒದ್ದೆ ಆದಂಗೇ ಅನ್ನಿಸ್ಬಾರ್ದು. ಎರಡೂ ಕಡೆ ಮೇಣದ ಕಾಗದ ಇಟ್ಟು ಪುಸ್ತಕ ಮುಚ್ಚಿ ಮೇಲೆ ಭಾರ ಹೇರಿ ರಾತ್ರಿಯೆಲ್ಲ ಬಿಡಿ. ಆತುರ ಮಾಡಿದ್ರೋ, ಮತ್ತೆ ಮೊದಲಿಂದ.

ಅಕ್ರಿಲಿಕ್ ಅಂಟೋದು ಬೇರೆ ಕಥೆ. ಅದು ಮುಟ್ಟಿದ್ರೆ ಅರ್ಧ ಗಂಟೆಲಿ ಒಣಗಿದಂಗೆ ಇರುತ್ತೆ, ಆದ್ರೆ ಅದು ಪ್ಲಾಸ್ಟಿಕ್ ಪದರ, ಒಳಗೆ ಪೂರ್ತಿ ಗಟ್ಟಿಯಾಗಕ್ಕೆ ದಿನಗಟ್ಟಲೆ, ದಪ್ಪ ಇದ್ರೆ ವಾರಗಟ್ಟಲೆ ಹಿಡಿಯುತ್ತೆ. ಗಟ್ಟಿಯಾದ್ಮೇಲೂ ಎರಡು ಬಣ್ಣದ ಪುಟ ಎದುರು ಬದುರು ಒತ್ತಿಟ್ರೆ, ಸೆಕೆಯೂ ಇದ್ರೆ, ಅಂಟುತ್ತೆ. ತೆಳ್ಳಗೆ ಹಚ್ಚಿ, ಒಂದು ಪುಟಕ್ಕೆ ಅಕ್ರಿಲಿಕ್ ಹಾಕಿದ್ರೆ ಎದುರು ಪುಟಕ್ಕೆ ಪೆನ್ನೋ ಪೆನ್ಸಿಲ್ಲೋ ಇರ್ಲಿ. ಒಣಗಿದ ಮೇಲೆ ಮೇಣದಬತ್ತಿ ತುಂಡನ್ನ ಮೆಲ್ಲಗೆ ಉಜ್ಜಿ ಬಟ್ಟೆಲಿ ಒರೆಸಿದ್ರೆ ತಕ್ಕಮಟ್ಟಿಗೆ ತಡೆಯುತ್ತೆ. ನಾನಂತೂ ಮಧ್ಯೆ ಬಟರ್ ಪೇಪರ್ ಇಟ್ಟೇ ಇಡ್ತೀನಿ.

ಕರಿಮಸಿ:

ರಟ್ಟುಬೆನ್ನು ಅವ್ರು ಪುಸ್ತಕದ ಮೈ ಸರಿ ಮಾಡಿದ್ರು, ನಾನು ಪುಟದ ಬಗ್ಗೆ ಹೇಳ್ತೀನಿ. ಬಹಳ ಜನ ಮಾಡೋ ತಪ್ಪು ಏನಂದ್ರೆ ಮೊದಲು ಇಡೀ ಪುಟಕ್ಕೆ ಬಿಳಿ ಜೆಸ್ಸೊ (ಬಣ್ಣಕ್ಕೆ ಮುಂಚೆ ಹಚ್ಚೋ ತಳಪದರ) ಬಳಿದು ಖಾಲಿ ಮಾಡ್ಕೊಂಡು ಅದರ ಮೇಲೆ ಚೆಂದದ ಹೂವು ಬರೆಯೋದು, ಹಾಗಿದ್ರೆ ಒಂದು ಡ್ರಾಯಿಂಗ್ ಬುಕ್ಕೇ ತಗೋಬಹುದಿತ್ತಲ್ಲ ಮಾರಾಯ್ರೇ, ಪಾಪ ಆ ಪುಸ್ತಕ ಏನ್ ಮಾಡಿತ್ತು? ಮಜಾ ಇರೋದು ಅಚ್ಚಾದ ಮಾತಿಗೂ ನಿಮ್ಮ ಚಿತ್ರಕ್ಕೂ ನಡೆಯೋ ಜಗಳದಲ್ಲಿ. ಪುಸ್ತಕ ಗಂಭೀರವಾಗಿ "ವಾಲ್ವನ್ನು ಎಚ್ಚರಿಕೆಯಿಂದ ಹೊರತೆಗೆಯಿರಿ" ಅಂತಿರ್ಬೇಕು, ಪಕ್ಕದಲ್ಲಿ ಒಂದು ಬೆಕ್ಕು ಅದನ್ನ ಹಲ್ಲಲ್ಲಿ ಕಚ್ಕೊಂಡು ಓಡ್ತಿರ್ಬೇಕು.

ಕನ್ನಡ ಲಿಪಿ ಬೇರೆ ಇದಕ್ಕೇ ಅಂತ ಹುಟ್ಟಿದಂಗಿದೆ. ಠ ನೋಡಿ, ಗುಂಡಗೆ ಕಣ್ಣು, ಒಳಗೆ ಪಾಪೆ, ಮೇಲೆ ತಲಕಟ್ಟು ಹುಬ್ಬು. ಎರಡು ಠ ಹತ್ತಿರ ಹತ್ತಿರ ಸಿಕ್ಕಿದ್ರೆ ಗೂಬೆ ರೆಡಿ. ಒತ್ತಕ್ಷರ ಕೆಳಗೆ ನೇತಾಡ್ತವಲ್ಲ, ಅವು ಕಾಲು. ಒಂದು ಸಾಲು ತುಂಬ ಒತ್ತು ಇದ್ರೆ ಮೇಲೆ ಮೈ ಬರೆದುಬಿಡಿ, ಸಾವಿರಕಾಲು ಹುಳ ನಡ್ಕೊಂಡು ಹೋಗುತ್ತೆ. ಕೊಂಬು ಬಾಲ ಆಗುತ್ತೆ.

ಪದ ಅಡಗಿಸೋದು ಇನ್ನೊಂದು ಆಟ. ಬ್ಲ್ಯಾಕ್‌ಔಟ್ ಅಂತ ಪುಟದಲ್ಲಿ ನಾಲ್ಕು ಪದ ಬಿಟ್ಟು ಉಳಿದಿದ್ದಕ್ಕೆ ಮಸಿ ಬಳೀತಾರಲ್ಲ, ಕನ್ನಡದಲ್ಲಿ ಅದು ಮೊದಲು ಕಷ್ಟ ಅನ್ಸುತ್ತೆ, ಯಾಕಂದ್ರೆ ಎಲ್ಲಾ ಪದಕ್ಕೂ ಅಲ್ಲಿ, ಇಂದ, ಅನ್ನು ಅಂತ ಬಾಲ ಅಂಟಿರುತ್ತೆ, ಪಕ್ಕ ಪಕ್ಕ ಇಟ್ರೆ ವಾಕ್ಯ ಕೂಡಲ್ಲ. ಬಾಲ ಮುಚ್ಚಿಬಿಡಿ. ಪದದ ಒಳಗಿರೋ ಪದ ಹುಡುಕಿ. ನಿಮ್ಮದು ರೇಡಿಯೊ ಪುಸ್ತಕ ಅಲ್ವಾ, ಬಾನುಲಿ ಅನ್ನೋ ಪದ ಇದ್ದೇ ಇರುತ್ತೆ. ಅದರಲ್ಲಿ ಬಾನು ಇದೆ, ನುಲಿ ಇದೆ, ಬರೀ ಬಾ ಅಂತ ಕರೆದಂಗೂ ಮಾಡಬಹುದು. ತರಂಗದಲ್ಲಿ ರಂಗ ಇದೆ. ಉದಾಹರಣೆಯ ಹೊಟ್ಟೆಲಿ ದಾಹ ಕೂತಿದೆ ನೋಡಿ, ಇಷ್ಟು ವರ್ಷ ಲೆಕ್ಕದ ಪುಸ್ತಕದಲ್ಲಿ ಎಷ್ಟು ಸಲ ಓದಿರ್ತೀವಿ, ಯಾರಿಗಾದ್ರೂ ಬಾಯಾರಿತಾ?

ಈ ಆಟದ ದೊಡ್ಡಣ್ಣ ಅಂದ್ರೆ ಇಂಗ್ಲೆಂಡಿನ ಟಾಮ್ ಫಿಲಿಪ್ಸ್. 1966ರಲ್ಲಿ ಅವ್ರು 1892ರ ಎ ಹ್ಯೂಮನ್ ಡಾಕ್ಯುಮೆಂಟ್ ಅನ್ನೋ ಒಂದು ಮರೆತುಹೋದ ಕಾದಂಬರಿ ಹಿಡ್ಕೊಂಡು ಪ್ರತಿ ಪುಟದ ಮೇಲೂ ಚಿತ್ರ ಬರೆದು ನಡುವೆ ಅಲ್ಲಲ್ಲಿ ಪದಗಳನ್ನ ಮಾತ್ರ ಬಿಟ್ಟು ಬೇರೇನೇ ಕಥೆ ಮಾಡಿದ್ರು, ಒಂದು ಸಲ ಮುಗಿಸಿ ಸುಮ್ಮನಾಗ್ಲಿಲ್ಲ, ಅದೇ ಪುಟಗಳನ್ನ ಮತ್ತೆ ಮತ್ತೆ ಬರೆದು ಕೊನೆಯ ಆವೃತ್ತಿ ಬಂದಿದ್ದು 2016ರಲ್ಲಿ. 50 ವರ್ಷ! ಪುಸ್ತಕದ ಹೆಸರೂ ಹಾಗೇ ಹುಟ್ಟಿದ್ದು, ಪುಟ ಮಡಚಿದಾಗ ಶೀರ್ಷಿಕೆಯ ಮಧ್ಯದ ಅಕ್ಷರಗಳು ಮರೆಯಾಗಿ ಎ ಹ್ಯೂಮ್ಯುಮೆಂಟ್ ಅಂತ ಓದಿಸ್ಕೊಳ್ತು. ಅದರ ನಾಯಕ ಇದಾನಲ್ಲ, ಅವನ ಹೆಸರನ್ನ ಟುಗೆದರ್ (together) ಅನ್ನೋ ಇಂಗ್ಲಿಷ್ ಪದದ ಮೊದಲ ನಾಲ್ಕು ಅಕ್ಷರದಿಂದ (toge) ಮಾಡಿದ್ದು, ಹಾಗಾಗಿ ಆ ಪದವೋ ಆಲ್ಟುಗೆದರ್ ಅನ್ನೋ ಪದವೋ ಇರೋ ಪುಟದಲ್ಲಿ ಮಾತ್ರ ಅವನು ಬರ್ತಾನೆ, ಬೇರೆ ಕಡೆ ಬರೋ ಹಾಗೇ ಇಲ್ಲ. ನಿಮ್ಮ ಪುಸ್ತಕದಲ್ಲೂ ಹಾಗೊಂದು ಪಾತ್ರ ಮಾಡಿ. ಒಂದು ನಿಯಮ ಇಟ್ಕೊಂಡ್ರೆ ಏನ್ ಬರೀಲಿ ಅನ್ನೋ ಚಿಂತೆನೇ ಇರಲ್ಲ, ಪುಟ ತಾನೇ ಹೇಳುತ್ತೆ.

ನಕ್ಕೋತ_ಹೊಂಟೆ:

ಕರಿಮಸಿ ಸರ ಹೇಳಿದ್ದು ಓದಿ ನಾನೂ ಹುಡುಕಾಕ ಕುಂತೆ ನೋಡ್ರಿ. ಆಗಿನ ಕಾಲದಾಗ ರೇಡಿಯೋಕ್ಕ ಲೈಸೆನ್ಸ್ ಇರ್ತಿತ್ತಲ್ರಿ, ಅಂದ್ರ ಆ ಪುಸ್ತಕದಾಗ ಪರವಾನಗಿ ಅನ್ನೋ ಶಬ್ದ ಇರಾಕss ಬೇಕು. ಮುಂದಿಂದು ಮುಚ್ಚಿ ಬಿಡ್ರಿ, ನಗಿ ಉಳೀತು. ನಮ್ಮ ಮಾತಿನಾಗ ನಗಿ ಅಂದ್ರ ನಗೂನs. ಸರಕಾರಿ ಶಬ್ದದಾಗ ನಗಿ ಸಿಕ್ಕಿದ್ದು ನಂಗ ಭಾಳ ಖುಷಿ ಆತ್ರಿ.

ಸುಮ್ನೆ_ಓದುಗ:

ಎಲ್ಲರೂ ಖುಷಿಯಾಗಿದ್ದೀರಿ, ನಾನೊಬ್ಬ ಮುಖ ಸಿಂಡರಿಸಿಕೊಂಡವನು ಬಂದೆ, ಬೇಜಾರಾಗ್ಬೇಡಿ. ವಾಲ್ವ್ ಕಾಲದ ತಂತ್ರಜ್ಞಾನದ ಪುಸ್ತಕ, ಅದೂ ಕನ್ನಡದಲ್ಲಿ! ಕಥೆ ಕಾದಂಬರಿ ಆದ್ರೆ ಸಾವಿರ ಪ್ರತಿ ಎಲ್ಲೆಲ್ಲೋ ಇರುತ್ತೆ. ಇಂಥವು ಕಡಿಮೆ ಅಚ್ಚಾಗಿ, ಕೆಲಸದ ಮೇಜಿನ ಮೇಲೆ ಎಣ್ಣೆ ಮಸಿ ಹತ್ತಿ ಹಾಳಾಗಿ ಹೋಗಿರೋವೇ ಜಾಸ್ತಿ. ಆಗ ಜನ ರೆಸಿಸ್ಟರ್‌ಗೆ ಕನ್ನಡದಲ್ಲಿ ಏನಂತಿದ್ರು ಅಂತ ತಿಳಿಯಕ್ಕೆ ಇಂಥ ಪುಸ್ತಕನೇ ಗತಿ. ನೀವು ಬಾನುಲಿಯ ಮೇಲೆ ಮಸಿ ಬಳಿಯೋ ಮುಂಚೆ ಬೇರೆ ಪ್ರತಿ ಎಲ್ಲಾದ್ರೂ ಲೈಬ್ರರೀಲಿ ಇದೆಯಾ ನೋಡಿದೀರಾ? ಯಾರದ್ದಾದ್ರೂ ಸಹಿ, ಅಂಚಲ್ಲಿ ಕೈಬರಹ ಇದೆಯಾ?

ಗೀಚುಮರಿ:

@ಸುಮ್ನೆ_ಓದುಗ ಬೇಜಾರೇನಿಲ್ಲ, ನನ್ನ ಹಿಂದೆ ನಿಂತಿರೋರು ಯಾರು ಅಂತ ಈಗ ಗೊತ್ತಾಯ್ತು :) ಹೆಸರಿನ ಪುಟನೇ ಇಲ್ಲ, ಹುಡುಕೋದು ಏನಂತ? ಆದ್ರೆ ನೀವು ಕೇಳಿದ್ಮೇಲೆ ಪುಟ ಪುಟ ತಿರುಗಿಸಿದೆ, ಒಂದ್ಕಡೆ ಅಂಚಲ್ಲಿ ಪೆನ್ಸಿಲ್‌ನಲ್ಲಿ "ಇದು ತಪ್ಪು, ನಾನು ಮಾಡಿ ನೋಡಿದ್ದೇನೆ" ಅಂತ ಯಾರೋ ಬರೆದಿದಾರೆ! ಅದರ ಮೇಲೆ ಬಣ್ಣ ಹಾಕಕ್ಕೆ ಕೈ ಬರಲ್ಲ ಈಗ.

ಹಳೇಕಾಗದ:

ಸುಮ್ನೆ ಓದುಗರ ಮಾತು ತೆಗೆದುಹಾಕೋ ಹಾಗಿಲ್ಲ, ಆದ್ರೆ ದಾರಿ ಇದೆ. ಬಣ್ಣ ಹಾಕೋ ಮುಂಚೆ ಉಳಿದಿರೋ ಅಷ್ಟೂ ಪುಟನ ಫೋನಲ್ಲಿ ಸ್ಕ್ಯಾನ್ ಮಾಡಿ ಇಟ್ಕೊಳ್ಳಿ, ಕತ್ತರಿಸೋ ಹಾಳೆಗಳನ್ನೂ ಸೇರಿಸಿ. ಒಂದು ಸಂಜೆಯ ಕೆಲಸ. ಆ ಪೆನ್ಸಿಲ್ ಬರಹ ಇರೋ ಪುಟ ಹಾಗೇ ಬಿಡಿ, ಅಥವಾ ಸುತ್ತ ಚಿತ್ರ ಬರೀರಿ, ಅದು ಈಗಾಗ್ಲೇ ಒಬ್ರು ಬದಲಾಯಿಸಿದ ಪುಟ ಅಲ್ವಾ.

ಕಾಗದ ಹೇಗಿದೆ ಅಂತ ನೋಡಿದ್ರಾ? 19ನೇ ಶತಮಾನದ ಮಧ್ಯದಿಂದ ಈಚೆಗೆ ಮರದ ತಿರುಳಿನ ಕಾಗದ ಬಂತು, ಅಗ್ಗದ್ದರಲ್ಲಿ ಲಿಗ್ನಿನ್ (ಮರದ ನಾರನ್ನ ಬಿಗಿದಿಡೋ ಅಂಶ) ಉಳಿದಿರುತ್ತೆ, ಮಸಿ ಹರಡದಿರಲಿ ಅಂತ ಪಟಿಕ ಮತ್ತೆ ರಾಳ ಸೇರಿಸ್ತಿದ್ರು, ಅದರಿಂದ ಕಾಗದದೊಳಗೇ ಆಮ್ಲ ಹುಟ್ಟಿ ಹಳದಿಯಾಗಿ ಪುಡಿಯಾಗುತ್ತೆ. ಬೇಡದ ಹಾಳೆಯ ಒಂದು ಮೂಲೆ ಆ ಕಡೆ ಈ ಕಡೆ ಎರಡು ಮೂರು ಸಲ ಮಡಚಿ, ಮುರಿದು ಕೈಗೆ ಬಂದ್ರೆ ಅದು ಬಣ್ಣ ತಡೆಯಲ್ಲ. ಅಂಥ ಪುಟಕ್ಕೆ ಎರಡು ಹಾಳೆ ಸಾಲ್ದು, ಮೂರು ಅಂಟಿಸಿ. ಇಲ್ಲೇ ನಾನು ಕರಿಮಸಿ ಅವ್ರ ಜೊತೆ ಸ್ವಲ್ಪ ಜಗಳ ಆಡ್ತೀನಿ, ಜೆಸ್ಸೊ ಪೂರ್ತಿ ಬೇಡ ಅನ್ನಕ್ಕಾಗಲ್ಲ, ಪಾರದರ್ಶಕ ಜೆಸ್ಸೊ ಸಿಗುತ್ತೆ, ತೆಳ್ಳಗೆ ಒಂದು ಕೈ ಹಚ್ಚಿದ್ರೆ ಅಕ್ಷರನೂ ಕಾಣುತ್ತೆ, ಬಣ್ಣನೂ ಹಿಂದಕ್ಕೆ ಇಳಿಯಲ್ಲ. ಆಲ್ಕೋಹಾಲ್ ಮಾರ್ಕರ್ ಮಾತ್ರ ಹಳೇ ಕಾಗದಕ್ಕೆ ಮುಟ್ಟಿಸ್ಲೇಬೇಡಿ, ನಾಲ್ಕು ಪುಟ ದಾಟಿ ಹೋಗುತ್ತೆ. ಪಿಗ್ಮೆಂಟ್ ಇಂಕಿನ ಫೈನ್‌ಲೈನರ್, ಕಲರ್ ಪೆನ್ಸಿಲ್, ಒಣ ಬ್ರಷ್‌ನಲ್ಲಿ ಗೌಶ್ (ವಾಟರ್ ಕಲರ್ ಥರದ್ದೇ, ಆದ್ರೆ ದಪ್ಪ, ಕೆಳಗಿಂದು ಕಾಣಲ್ಲ), ಇವು ಸಾಕು.

ಬೂಷ್ಟು ಹಿಡಿದ ಪುಸ್ತಕ ಆದ್ರೆ ಬಿಟ್ಬಿಡಿ, ಬಣ್ಣದಡಿ ಮುಚ್ಚಿದ್ರೆ ಅದು ಸಾಯಲ್ಲ. ಇನ್ನೊಂದು, ನಿಮಗೆ ಸಂಬಂಧ ಇಲ್ಲ, ಆದ್ರೆ ಇಲ್ಲಿ ಓದೋರಿಗೆ ಹೇಳ್ಬೇಕು. 19ನೇ ಶತಮಾನದ ಇಂಗ್ಲಿಷ್ ಪುಸ್ತಕ, ಕಡು ಪಚ್ಚೆ ಬಟ್ಟೆ ರಟ್ಟಿಂದು ಸಿಕ್ಕಿದ್ರೆ ಉಜ್ಜೋದು ಕತ್ತರಿಸೋದು ಮಾಡ್ಬೇಡಿ. ಕೆಲವದ್ರಲ್ಲಿ ಆರ್ಸೆನಿಕ್ ಅನ್ನೋ ವಿಷ ಇರೋ ಹಸಿರು ಬಣ್ಣ ಹಾಕ್ತಿದ್ರು, ಅಮೆರಿಕಾದ ವಿಂಟರ್‌ಥರ್ ಮ್ಯೂಸಿಯಂನವ್ರು 2019ರಿಂದ ಅಂಥ ಪುಸ್ತಕಗಳನ್ನ ಹುಡುಕಿ ಪಟ್ಟಿ ಮಾಡ್ತಿದಾರೆ.

ಗೀಚುಮರಿ:

ಎರಡು ವಾರ ಆದ್ಮೇಲೆ ಬಂದೆ. ಸ್ಕ್ಯಾನ್ ಆಯ್ತು, ಸಂಜೆ ಅಲ್ಲ, ಮೂರು ಸಂಜೆ. ಹೊಲಿಗೆ ಪುಸ್ತಕನೇ, ದಾರ ಕಂಡಾಗ ಎಷ್ಟು ಖುಷಿ. ಒಂದು ಫಾರಂ ಪೂರ್ತಿ ಮುಗೀತು, ಪುಸ್ತಕ ಮುಚ್ಚುತ್ತೆ!! ವಾಲ್ವ್ ಚಿತ್ರದ ಗುಂಡು ಇತ್ತಲ್ಲ, ಅದು ಮೀನು ಸಾಕೋ ಗಾಜಿನ ಬುಂಡೆ ಆಯ್ತು, ಅರ್ಥ್ (ಭೂಮಿಗೆ ಜೋಡಿಸೋ ತಂತಿ) ಗುರುತಿನ, ಕೆಳಗೆ ಹೋಗ್ತಾ ಹೋಗ್ತಾ ಸಣ್ಣ ಆಗೋ ಮೂರು ಗೆರೆ ಆ ಬುಂಡೆ ಕೆಳಗಿನ ಮೇಜು ಆಯ್ತು. ನಿಯಮ ಏನು ಇಟ್ಕೊಂಡೆ ಅಂದ್ರೆ, ಪುಟದಲ್ಲಿ ತಂತಿ ಅನ್ನೋ ಪದ ಇದ್ರೆ ಮಾತ್ರ ಕೋತಿ ಬರ್ಬೇಕು, ಆ ಪದದಿಂದಲೇ ಜೋತಾಡ್ಬೇಕು. ಈಗ ತೊಂದ್ರೆ ಏನಂದ್ರೆ ರೇಡಿಯೊ ಪುಸ್ತಕದಲ್ಲಿ ತಂತಿ ಇಲ್ಲದ ಪುಟನೇ ಇಲ್ಲ, ಒಂದೇ ಪುಟದಲ್ಲಿ ಒಂಬತ್ತು ಕೋತಿ ಆಗಿವೆ.

ಕರಿಮಸಿ:

ಒಂಬತ್ತೂ ಇರ್ಲಿ. ಆದ್ರೆ "ನಿಸ್ತಂತು" ಅಂತ ಬಂದ ಪುಟದಲ್ಲಿ ಕೋತಿ ಕೆಳಗೆ ಬಿದ್ದಿರ್ಬೇಕು.