ಇಂಧನ ಮಟ್ಟದ ಸೆನ್ಸರ್: ಟ್ಯಾಂಕ್ ಇಳಿಸದೆ ವೈರಿಂಗ್ ಪರೀಕ್ಷಿಸಬಹುದೇ?

ಪ್ರಶ್ನೆ (ಕಾರವಾರ):
ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲಿ ಟ್ಯಾಂಕ್ ತುಂಬಿಸಿದರೂ ಮೀಟರಿನ ಮುಳ್ಳು ಆಗಾಗ ಸೊನ್ನೆಗೆ ಇಳಿಯುತ್ತದೆ. ಮಳೆಗಾಲದ ನಂತರ ಇದು ಹೆಚ್ಚಾಗಿದೆ. ಟ್ಯಾಂಕ್ ಇಳಿಸದೆ ವೈರಿಂಗ್ ಪರೀಕ್ಷಿಸಲು ಸಾಧ್ಯವೇ?

ಉತ್ತರ (ಅಂಕೋಲಾ):
ಅನೇಕ ಕಾರುಗಳಲ್ಲಿ ಹಿಂದಿನ ಸೀಟನ್ನು ಎತ್ತಿದರೆ ಸ್ಕ್ರೂ ಹಾಕಿದ ಮುಚ್ಚಳವೊಂದು ಸಿಗುತ್ತದೆ. ಸೆನ್ಸರಿಗೆ ತಂತಿಗಳು ಸೇರುವ ಕನೆಕ್ಟರ್ ಅದರಡಿಯಲ್ಲೇ ಇರುತ್ತದೆ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ಬಾಗಿಲುಗಳನ್ನು ತೆರೆದಿಟ್ಟು, ಕನೆಕ್ಟರನ್ನು ಕಳಚಿ, ಸೆನ್ಸರಿನ ಎರಡು ಪಿನ್ನುಗಳ ನಡುವಿನ ರೋಧವನ್ನು ಮಲ್ಟಿಮೀಟರಿನಿಂದ ಅಳೆಯಿರಿ. ಸಾಮಾನ್ಯವಾಗಿ ಪಂಪಿನ ತಂತಿಗಳೂ ಅದೇ ಕನೆಕ್ಟರಿನಲ್ಲಿ ಇರುವುದರಿಂದ, ನಿಮ್ಮ ಮಾದರಿಯ ವೈರಿಂಗ್ ನಕ್ಷೆಯನ್ನು ನೋಡದೆ ಪಿನ್ನುಗಳನ್ನು ಊಹಿಸಬೇಡಿ. ಕಾರನ್ನು ಮೆಲ್ಲಗೆ ಅಲುಗಾಡಿಸಿದಾಗ ಮಲ್ಟಿಮೀಟರ್ ತೋರಿಸುವ ರೋಧದ (ಓಮ್) ಅಂಕಿ ಜಿಗಿಯದೆ ಸರಾಗವಾಗಿ ಏರಿಳಿದರೆ ಸೆನ್ಸರ್ ಬಹುತೇಕ ಸರಿಯಿದೆ. ನಡುನಡುವೆ ಸಂಪರ್ಕವೇ ಕಡಿದುಹೋದರೆ ಒಳಗಿನ ರೋಧಕ ಪಟ್ಟಿ ಸವೆದಿರುವ ಸಂಭವ ಹೆಚ್ಚು.

ಉತ್ತರ (ಶಿರಸಿ):
ಸೆನ್ಸರ್ ಕೊಳ್ಳುವ ಮುನ್ನ ಅರ್ತಿಂಗ್, ಅಂದರೆ ಬ್ಯಾಟರಿಯ ನೆಗೆಟಿವ್ ಕಡೆಗೆ ಮರಳುವ ಸಂಪರ್ಕ, ನೋಡಿ. ನಿಮ್ಮ ಕಡೆಯ ಉಪ್ಪುಗಾಳಿಗೆ ಪಿನ್ನುಗಳು ಬೇಗ ಕಿಲುಬು ಹಿಡಿಯುತ್ತವೆ. ಅರ್ತ್ ನೇರವಾಗಿ ಬಾಡಿಗೆ ಸೇರುವ ಕಾರಾದರೆ, ಕಳಚಿದ ಕನೆಕ್ಟರಿನಲ್ಲಿ ತಂತಿಗಳಿರುವ ಭಾಗದ ಅರ್ತ್ ಪಿನ್ನಿಗೂ ಬಾಡಿಯ ಬಣ್ಣವಿಲ್ಲದ ಲೋಹಕ್ಕೂ ನಡುವೆ ರೋಧ ಸೊನ್ನೆಯ ಸಮೀಪ ಇರಬೇಕು. ಸೆನ್ಸರಿನ ಎರಡು ತಂತಿಗಳನ್ನು ನೇರವಾಗಿ ತಾಗಿಸಿ ಮುಳ್ಳು ನೋಡಿ ಎಂದು ಕೆಲವರು ಹೇಳುತ್ತಾರೆ. ಪೆಟ್ರೋಲ್ ಆವಿ ಇರುವಲ್ಲಿ ಕಿಡಿ ಹಾರಿಸಬಲ್ಲ ಆ ವಿಧಾನವನ್ನು ನಾನಂತೂ ಒಪ್ಪುವುದಿಲ್ಲ.