ಪದಚರ್ಚೆ: ಲೂಕ 16ರ ‘ಮನೆವಾರ್ತೆಯವನು’ – ತೋಟದ ಜನಕ್ಕೆ ಏನೆನ್ನೋಣ?

ವಿರಾಜಪೇಟೆಯಿಂದ:
ಬಲ್ಲವರೇ, ಭಾನುವಾರದ ಬೈಬಲ್ ಅಧ್ಯಯನ ಲೂಕ 16:1–13ರ ಮೇಲೆ. ಧಣಿಯ ಆಸ್ತಿಯ ವ್ಯವಹಾರ ನಡೆಸುವವನ ಸಾಮ್ಯ ಅದು; ಅವನನ್ನೇ ‘ಮನೆವಾರ್ತೆಯವನು’ ಎನ್ನುವುದು. ಬ್ಯಾನರ್ ನಾಳೆಯೇ ಪ್ರೆಸ್ಸಿಗೆ ಹೋಗಬೇಕು. ಬರುವವರು ಹೆಚ್ಚಾಗಿ ಲೈನ್‌ಮನೆಗಳಲ್ಲಿರುವ ತೋಟದ ಕಾರ್ಮಿಕರು. ‘ವಾರ್ತೆ’ ಎಂದರೆ ಅವರಿಗೆ ರೇಡಿಯೋ ಸುದ್ದಿ. ‘ರೈಟರ್’ ಆಗಬಹುದೇ?

ಮಡಿಕೇರಿಯಿಂದ:
ಆಗದು. ತೋಟದ ರೈಟರ್ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವವನು, ಸಾಲ ಇಳಿಸುವ ಅಧಿಕಾರ ಅವನಿಗಿಲ್ಲ. ಲೂಕನ ಕಥೆಯವನು ಸಾಲಗಾರರಿಂದ 100 ಅಳತೆ ಎಣ್ಣೆಯ ಸಾಲಪತ್ರವನ್ನು 50ಕ್ಕೆ, 100 ಅಳತೆ ಗೋಧಿಯದನ್ನು 80ಕ್ಕೆ ತಿದ್ದಿಸುತ್ತಾನೆ. ಧಣಿಯ ಹೆಸರಲ್ಲಿ ವ್ಯವಹರಿಸುವವನು. ‘ಪಾರುಪತ್ಯಗಾರ’ ಎಂದು ಹಾಕಿ, ಮುಗಿಯಿತು.

ಸೋಮವಾರಪೇಟೆಯಿಂದ:
ಮುಗಿಯಲಿಲ್ಲ. ಕೊಡಗಿನಲ್ಲಿ ಪಾರುಪತ್ಯಗಾರನೆಂದರೆ ನಾಡಿನ ಕಂದಾಯ ನೋಡುತ್ತಿದ್ದ ಅಧಿಕಾರಿ. ಹಳಬರು ಅದನ್ನು ಸರ್ಕಾರಕ್ಕೆ ಕಟ್ಟುವ ತೆರಿಗೆಯ ಪಾಠವೆಂದೇ ಓದುತ್ತಾರೆ.

ಮೈಸೂರಿನಿಂದ:
ಇರುವ ಪದವನ್ನೇಕೆ ಕೊಲ್ಲುತ್ತೀರಿ? ಕೌಟಿಲ್ಯನಲ್ಲಿ ಕೃಷಿ, ಪಶುಪಾಲನೆ, ವ್ಯಾಪಾರ ಮೂರೂ ಸೇರಿ ‘ವಾರ್ತೆ’. ಲೂಕನ ಮೂಲ ಗ್ರೀಕಿನ ಪದ ‘ಓಯಿಕೊನೊಮೊಸ್’ನಲ್ಲಿ ‘ಓಯಿಕೊಸ್’ ಎಂದರೆ ಮನೆ. ಮನೆವಾರ್ತೆಗಿಂತ ಹತ್ತಿರದ ಪದ ಸಿಗದು. ಜನಕ್ಕೆ ಕಲಿಸಿ.

ಕುಶಾಲನಗರದಿಂದ:
ಬ್ಯಾನರ್ ಪಾಠಶಾಲೆಯಲ್ಲ. ‘ವಾರ್ತೆ’ಯೂ ಸಂಸ್ಕೃತದ ಸಾಲವೇ. ‘ನೋಡಿಕೊಳ್ಳುವವ’ ಎನ್ನಿ, ಅಚ್ಚಗನ್ನಡ.

ಮಡಿಕೇರಿಯಿಂದ:
ದನ ನೋಡಿಕೊಳ್ಳುವವನೂ ನೋಡಿಕೊಳ್ಳುವವನೇ. ಲೆಕ್ಕ ಒಪ್ಪಿಸುವ ಹೊಣೆ ಆ ಮಾತಿನಲ್ಲಿಲ್ಲ. ಸಾಲದ ಪದವೆಲ್ಲ ಬೇಡವೆಂದರೆ ಪೋರ್ಚುಗೀಸಿನಿಂದ ಬಂದ ಪಾದ್ರಿ, ಇಗರ್ಜಿ (ಚರ್ಚು), ಮೇಸ್ತ್ರಿ ಎಲ್ಲಕ್ಕೂ ಹೊಸದು ಹುಡುಕಬೇಕು. ಮೇಸ್ತ್ರಿ ಇಲ್ಲದೆ ಕೊಡಗಿನ ಯಾವ ತೋಟ ನಡೆದೀತು?

ಸೋಮವಾರಪೇಟೆಯಿಂದ:
ಕೇಳಿದವರಿಗೆ ಉತ್ತರ ಕೊಡೋಣ. ಇದೇ ಗ್ರೀಕ್ ಪದ 1 ಕೊರಿಂಥ 4:2ರಲ್ಲೂ 1 ಪೇತ್ರ 4:10ರಲ್ಲೂ ಬರುತ್ತದೆ. ‘ಮ್ಯಾನೇಜರ್’ ಲೂಕನಿಗೆ ಹೊಂದೀತು, ಪೇತ್ರನ ‘ದೇವರ ಕೃಪೆ’ಯ ಪಕ್ಕದಲ್ಲಿ ನಿಲ್ಲದು. ‘ಉಸ್ತುವಾರಿ’ ಮೂರು ಕಡೆಯೂ ನಿಲ್ಲುತ್ತದೆ: ಆಸ್ತಿ ನನ್ನದಲ್ಲ, ಲೆಕ್ಕ ನನ್ನದು. ಬ್ಯಾನರಿಗೆ ‘ಉಸ್ತುವಾರಿಯವನ ಲೆಕ್ಕ’ ಸಾಕು. ಕೆಳಗೆ 8ನೇ ವಚನ ಹಾಕಬೇಡಿ. ಧಣಿ ಮೆಚ್ಚಿದ್ದು ಮುಂದಾಲೋಚನೆಯನ್ನು, ಮೋಸವನ್ನಲ್ಲ; ಒಂಟಿಯಾಗಿ ಓದಿದರೆ ತೋಟದ ಗೊಬ್ಬರದ ಮೂಟೆ ಕದ್ದು ಸಾಗಿಸುವವನಿಗೂ ಸಮರ್ಥನೆ ಸಿಗುತ್ತದೆ. 10ನೇ ವಚನ ಹಾಕಿ. ಸ್ವಲ್ಪದರಲ್ಲಿ ನಂಬಿಗಸ್ತಿಕೆ ಎಂಬುದನ್ನು ಕಾಫಿ ಹಣ್ಣು ತೂಗುವ ತಕ್ಕಡಿಯ ಮುಂದೆಯೇ ವಿವರಿಸಬಹುದು.

ಮೈಸೂರಿನಿಂದ:
‘ಉಸ್ತುವಾರಿ’ಗೆ ನನ್ನ ಒಪ್ಪಿಗೆಯಿಲ್ಲ. ಆವರಣದಲ್ಲಾದರೂ ಮನೆವಾರ್ತೆ ಇರಲಿ.

ವಿರಾಜಪೇಟೆಯಿಂದ:
‘ಉಸ್ತುವಾರಿಯವನ ಲೆಕ್ಕ’, ಅಡಿಯಲ್ಲಿ 10ನೇ ವಚನ. ಪ್ರೆಸ್ಸಿಗೆ ಕಳಿಸುತ್ತಿದ್ದೇನೆ. ಮನೆವಾರ್ತೆಯನ್ನು ಅಧ್ಯಯನದ ಹಾಳೆಯಲ್ಲಿ ಅರ್ಥಸಹಿತ ಕೊಡುತ್ತೇವೆ, ಸಾರ್.