ಬೈಜಾಂಟಿಯಂಗೆ ಮುಳುವಾಗಿದ್ದು ಬಾಡಿಗೆ ಸೈನಿಕರಾ?

ಹಳೇನಕ್ಷೆ:
ನನ್ನ ಪ್ರಕಾರ ಹೌದು, ಆ ಪೂರ್ವ ರೋಮನ್ ಸಾಮ್ರಾಜ್ಯಕ್ಕೆ ಮುಳುವಾಗಿದ್ದು ಅವರೇ. ಸ್ಪೇನ್ ಕಡೆಯ ಬಾಡಿಗೆ ದಂಡಾದ ಕೆಟಲನ್ ಕಂಪನಿಯ ಕತೆ ನೋಡಿ. 1303ರಲ್ಲಿ ಚಕ್ರವರ್ತಿ ಎರಡನೇ ಆಂಡ್ರೊನಿಕೋಸ್, ತುರ್ಕರನ್ನು ಓಡಿಸಲು ಅದರ ನಾಯಕ ರೊಜರ್ ಡಿ ಫ್ಲೋರ್‌ನನ್ನು ಸುಮಾರು 6,500 ಜನರ ಸಮೇತ ಕರೆಸಿಕೊಂಡ. ಸೋದರಿಯ ಮಗಳನ್ನೇ ಕೊಟ್ಟು ಮದುವೆ ಮಾಡಿದ. 1304ರಲ್ಲಿ ಫಿಲಡೆಲ್ಫಿಯಾದ ಮುತ್ತಿಗೆಯನ್ನು ಅವರು ಬಿಡಿಸಿದ್ದು ನಿಜ. ಆದರೆ ಕಾಯಲು ಬಂದ ಸೀಮೆಯನ್ನೇ ಸುಲಿದರು. 1305ರಲ್ಲಿ ರೊಜರ್ ಕೊಲೆಯಾದ ಮೇಲಂತೂ ಗ್ಯಾಲಿಪೊಲಿಯಲ್ಲಿ ಕೂತು, ರಾಜಧಾನಿಯ ಪಕ್ಕದ ಥ್ರೇಸ್ ಸೀಮೆಯನ್ನು ಎರಡು ವರ್ಷ ಹಾಳುಗೆಡವಿದರು. 1311ರಲ್ಲಿ ಅಥೆನ್ಸನ್ನೂ ಗೆದ್ದುಕೊಂಡರು.

ಕೋಟೆಮನೆ:
ಕೊಲೆ ಮಾಡಿದ್ದು ಯಾರು ಅನ್ನೋದನ್ನು ಬಿಟ್ಟುಬಿಟ್ಟಿರಲ್ಲ. ರೊಜರ್ ಆಡ್ರಿಯನೋಪಲ್‌ಗೆ ಹೋಗಿದ್ದು ಚಕ್ರವರ್ತಿಯ ಮಗ ಮೈಕೇಲನ ಅತಿಥಿಯಾಗಿ. ಅಲ್ಲಿ ಅವನನ್ನು ಕೊಂದವರು ಕಾಕಸಸ್ ಕಡೆಯ ಅಲನ್ನರು. ಅವರೂ ಬಾಡಿಗೆಯವರೇ! ಅವರ ನಾಯಕನ ಮಗ ಹಿಂದೆ ಕೆಟಲನ್ನರ ಜೊತೆಗಿನ ಜಗಳದಲ್ಲಿ ಸತ್ತಿದ್ದ. ಇದರ ಮೇಲೆ ಸಂಬಳದ ಗಲಾಟೆ ಬೇರೆ. ಬಾಕಿ ಏರುತ್ತಿತ್ತು, ಕೊಟ್ಟ ನಾಣ್ಯದಲ್ಲಿ ಚಿನ್ನ ಕಮ್ಮಿ ಇತ್ತು. ತಪ್ಪೆಲ್ಲ ಬಂದವರದ್ದೇ ಅಂದರೆ ಹೇಗೆ?

ಸುಮಾ_ಓದು:
ಕೋಟೆಮನೆ ಹೇಳಿದ್ದು ಸರಿ. ಉತ್ತರದಿಂದ ಬಂದ ಬಾಡಿಗೆ ಸೈನಿಕರು, ವರಂಗಿಯನ್ನರನ್ನು ನೆನೆಸಿಕೊಳ್ಳಿ. 988ರ ಹೊತ್ತಿಗೆ ಕೀವ್‌ನ ವ್ಲಾದಿಮಿರ್ ಚಕ್ರವರ್ತಿ ಎರಡನೇ ಬಾಸಿಲ್‌ಗೆ 6,000 ಜನರನ್ನು ಕಳಿಸಿದ. ಅವರಿಂದ ಶುರುವಾದ ಕಾವಲುಪಡೆ ಎರಡು ಶತಮಾನಕ್ಕೂ ಜಾಸ್ತಿ ಕಾಲ ಅರಮನೆ ಕಾಯಿತು. 1081ರಲ್ಲಿ ಡಿರಾಕಿಯಂ ಯುದ್ಧದಲ್ಲಿ ನಾರ್ಮನ್ನರ ಮೇಲೆ ನುಗ್ಗಿ, ಒಂಟಿಯಾಗಿ ಸಿಕ್ಕಿಬಿದ್ದು, ಚರ್ಚೊಂದರಲ್ಲಿ ಬೆಂದು ಸತ್ತರು. ಇದಕ್ಕಿಂತ ನಿಷ್ಠೆ ಬೇಕಾ? ಕೈತುಂಬ ಸಂಬಳ ಸಿಗುತ್ತಿತ್ತು. ಊರಲ್ಲಿ ಅವರಿಗೆ ನೆಂಟರಿಲ್ಲ, ಜಮೀನಿಲ್ಲ. ಇದ್ದ ಆಸರೆ ಚಕ್ರವರ್ತಿ ಒಬ್ಬನೇ.

ಹಳೇನಕ್ಷೆ:
ಅವರು ಕಾವಲಿನವರು, ಚಕ್ರವರ್ತಿಯ ಕಣ್ಣೆದುರೇ ಇರುತ್ತಿದ್ದರು. ದೂರದ ಸೀಮೆಗೆ ಕಳಿಸಿದವರ ಕತೆಯೇ ಬೇರೆ. ಬಾಡಿಗೆ ಪಡೆಯ ನಾಯಕ, ನಾರ್ಮನ್ ರೂಸೆಲ್ 1073ರಲ್ಲಿ ಅನಟೋಲಿಯಾದಲ್ಲಿ (ಈಗಿನ ತುರ್ಕಿಯಲ್ಲಿ) ತಿರುಗಿಬಿದ್ದು ತನ್ನದೇ ರಾಜ್ಯ ಕಟ್ಟಹೊರಟ. ಅವನನ್ನು ಅಡಗಿಸಲು ಚಕ್ರವರ್ತಿಯ ಚಿಕ್ಕಪ್ಪ ದಂಡು ತಗೊಂಡು ಹೋದರೆ, ದಂಡಿನಲ್ಲಿದ್ದ ಫ್ರಾಂಕ್ (ಪಶ್ಚಿಮ ಯುರೋಪಿನ) ಬಾಡಿಗೆಯವರು ರೂಸೆಲ್ ಕಡೆಗೇ ಸೇರಿಕೊಂಡರು. ಚಿಕ್ಕಪ್ಪನೇ ಸೆರೆಸಿಕ್ಕ!

ಸುಮಾ_ಓದು:
ಆ ಕತೆಯ ಕೊನೆಯನ್ನೂ ಹೇಳಬೇಕು. ಮುಂದೆ ಚಕ್ರವರ್ತಿಯಾದ ಅಲೆಕ್ಸಿಯೋಸ್ ಕೊಮ್ನೆನೋಸ್ ಆಗಿನ್ನೂ ಹುಡುಗ. ರೂಸೆಲ್‌ನನ್ನು ಹಿಡಿದುಕೊಡು, ದುಡ್ಡು ಕೊಡ್ತೀನಿ ಅಂತ ತುರ್ಕ ಸರದಾರನೊಬ್ಬನ ಜೊತೆ ಮಾತಾಡಿಕೊಂಡ. ರೂಸೆಲ್ ಸಿಕ್ಕ. ಕೊಡಲು ದುಡ್ಡಿಲ್ಲ. ಅನಟೋಲಿಯಾದ ಅಮಾಸ್ಯ ಎಂಬ ಊರಿನ ಜನರನ್ನು ಕೇಳಿದರೆ ಅವರು ರೂಸೆಲ್‌ನನ್ನೇ ಬಿಡಿಸಿಕೊಳ್ಳಲು ದೊಂಬಿ ಎದ್ದರು. ಆಗ ಅಲೆಕ್ಸಿಯೋಸ್ ಅವನ ಕಣ್ಣು ಕೀಳುವ ನಾಟಕ ಆಡಿಸಿದ. ನೆಲಕ್ಕೆ ಕೆಡವಿದರು, ಕಾದ ಕಬ್ಬಿಣ ಹತ್ತಿರ ತಂದರು. ಮೊದಲೇ ಹೇಳಿಕೊಟ್ಟ ಹಾಗೆ ರೂಸೆಲ್ ಚೀರಿದ. ಕಣ್ಣಿಗೆ ಬಟ್ಟೆ ಕಟ್ಟಿ ಜನರಿಗೆ ತೋರಿಸಿದ ಮೇಲೆ ಊರು ತಣ್ಣಗಾಯಿತು. ನನಗೆ ಇದರಲ್ಲಿ ಮನಸ್ಸಿಗೆ ನಾಟೋದು ಆ ಜನ. ತಮ್ಮ ದೊರೆಯನ್ನು ಬಿಟ್ಟು ಪರದೇಶಿ ದಂಗೆಕೋರನ ಪರ ಯಾಕೆ ನಿಂತರು? ತುರ್ಕರ ದಾಳಿಯಿಂದ ಅವರನ್ನು ಕಾದಿದ್ದು ಅವನೇ.

ಹಳೇನಕ್ಷೆ:
ಇದನ್ನು ಒಪ್ಪಲೇಬೇಕು. ಆ ಜನರನ್ನು ಕಾಯಲು ಬೇರೆ ಯಾರೂ ಉಳಿದಿರಲಿಲ್ಲ.

ಕೋಟೆಮನೆ:
ಉಳಿಯದ ಹಾಗೆ ಮಾಡಿದ್ದು ಅರಮನೆಯೇ. 1050ರ ಸುಮಾರಿಗೆ ಒಂಬತ್ತನೇ ಕಾನ್‌ಸ್ಟಂಟೈನ್ ಪೂರ್ವದ ಗಡಿಯ ಐಬೀರಿಯಾ ಸೀಮೆಯವರಿಗೆ (ಸ್ಪೇನ್ ಅಲ್ಲ, ಕಾಕಸಸ್ ಕಡೆಯದು), ನೀವು ಯುದ್ಧಕ್ಕೆ ಬರೋದು ಬೇಡ, ತೆರಿಗೆ ಕಟ್ಟಿ ಸಾಕು ಅಂದುಬಿಟ್ಟ. ಸ್ವಂತ ಹೊಲ, ಸ್ವಂತ ಮನೆ ಕಾಯುತ್ತಿದ್ದವರು ಅವರು! ಬಾಡಿಗೆಯವರನ್ನು ಕರೆದಿದ್ದಕ್ಕಿಂತ ಇವರನ್ನು ಮನೆಗೆ ಕಳಿಸಿದ್ದೇ ದೊಡ್ಡ ತಪ್ಪು ಅನ್ನೋದು ನನ್ನ ವಾದ. ಕೆಟಲನ್ನರನ್ನು ಕರೆಸಿದ ಆಂಡ್ರೊನಿಕೋಸನೂ ಹಾಗೇ ಮಾಡಿದ್ದ. 1285ರಲ್ಲಿ ಖರ್ಚು ಜಾಸ್ತಿ ಅಂತ ನೌಕಾಪಡೆಯನ್ನೇ ಮುಚ್ಚಿ, ಸಮುದ್ರಕ್ಕೆ ಜಿನೋವಾದವರ ಹಡಗು ನಂಬಿಕೊಂಡ. ಕೆಲಸ ಕಳೆದುಕೊಂಡ ನಾವಿಕರೂ ಹೊಟ್ಟೆ ಹೊರೆಯಬೇಕಲ್ವಾ? ಅವರಲ್ಲಿ ಕೆಲವರು ಹೋಗಿ ಸೇರಿದ್ದು ತುರ್ಕರ ಹಡಗುಗಳನ್ನು.